ಒಳಗೆ ಅಡಗಿದ ಕೊರತೆಗೆ ಹೊಣೆ ಯಾರು?

ನಿಮ್ಮ ಮನೆಯ ಕಪಾಟಿನಲ್ಲಿ ಒಂದು ಹಳೆಯ ಮೊಬೈಲ್ ಫೋನು ಬಿದ್ದಿರಬಹುದು. ಹೊರಗಿನಿಂದ ನೋಡಿದರೆ ಅದಕ್ಕೆ ಏನೂ ಆಗಿಲ್ಲ. ಬ್ಯಾಟರಿ ಹೋಗಿದೆ, ಅಷ್ಟೆ. ರಿಪೇರಿ ಅಂಗಡಿಗೆ ಒಯ್ದರೆ, "ಬ್ಯಾಟರಿ ಅಂಟಿಸಿಬಿಟ್ಟಿದ್ದಾರೆ. ಬಿಚ್ಚಲು ಹೋದರೆ ಸ್ಕ್ರೀನ್ ಒಡೆದೀತು. ಹೊಸದನ್ನೇ ತೆಗೆದುಕೊಳ್ಳಿ" ಎಂಬ ಉತ್ತರ ಸಿಗುತ್ತದೆ. ನೀವು ಅದನ್ನು ಕೆಳಗೆ ಹಾಕಿ ಒಡೆದಿಲ್ಲ. ಅಂಗಡಿಯವನೂ ಮೋಸ ಮಾಡಿಲ್ಲ. ಆದರೂ ಚೆನ್ನಾಗಿದ್ದ ಒಂದು ವಸ್ತು ಕಸವಾಯಿತು. ಎಲ್ಲೋ ಒಬ್ಬಾತನು ಅದರ ನಕ್ಷೆಯನ್ನು ಬರೆಯುವಾಗಲೇ ಅದರ ಆಯುಸ್ಸು ತೀರ್ಮಾನವಾಗಿತ್ತು. ಹಾಗಾದರೆ ಇದರ ಹೊಣೆ ಯಾರದು?

ಈ ಪ್ರಶ್ನೆ ಹೊಸದಲ್ಲ. 1924ರಲ್ಲಿ ಜಗತ್ತಿನ ದೊಡ್ಡ ಬಲ್ಬು ತಯಾರಕರು ಜಿನೀವಾದಲ್ಲಿ ಸೇರಿ 'ಫೀಬಸ್' ಎಂಬ ಒಕ್ಕೂಟವನ್ನು ಕಟ್ಟಿಕೊಂಡರು. ಬಲ್ಬು ಸಾವಿರ ಗಂಟೆ ಉರಿದರೆ ಸಾಕು ಎಂದು ನಿಶ್ಚಯಿಸಿದರು. ಅದಕ್ಕಿಂತ ಹೆಚ್ಚು ಕಾಲ ಉರಿಯುವ ಬಲ್ಬುಗಳು ಆಗಲೇ ಇದ್ದವು. ಆದರೆ ಅವನ್ನು ತಯಾರಿಸಿದ ಕಾರ್ಖಾನೆಗೆ ದಂಡ ಬೀಳುತ್ತಿತ್ತು! ದೀರ್ಘಕಾಲ ಬಾಳುವ ಬಲ್ಬು ಅಷ್ಟೇ ವಿದ್ಯುತ್ತಿಗೆ ಕಡಿಮೆ ಬೆಳಕು ಕೊಡುತ್ತದೆ ಎಂಬ ಸಮರ್ಥನೆ ಅವರಲ್ಲಿತ್ತು. ಅದರಲ್ಲಿ ಸತ್ಯಾಂಶವೂ ಇದೆ. ಆದರೆ ಬೆಳಕು ಬೇಕೋ ಬಾಳಿಕೆ ಬೇಕೋ ಎಂದು ಕೊಳ್ಳುವವನನ್ನು ಯಾರೂ ಕೇಳಲಿಲ್ಲ. ಅವನಿಗೆ ತಿಳಿಸಲೂ ಇಲ್ಲ.

ಇಲ್ಲಿ ಮದೀನದ ಮಾರುಕಟ್ಟೆಯ ಆ ಪ್ರಸಿದ್ಧ ಘಟನೆ ನೆನಪಾಗುತ್ತದೆ. ಪ್ರವಾದಿವರ್ಯರು(ಸ) ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಾಗಿತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದ. ಹಾಗಿದ್ದರೆ ಅದನ್ನು ಜನರಿಗೆ ಕಾಣುವಂತೆ ಮೇಲೆಯೇ ಇಡಬಾರದಿತ್ತೇ ಎಂದು ಪ್ರವಾದಿವರ್ಯರು(ಸ) ಕೇಳಿದರು. ಮಳೆ ಬಿದ್ದುದು ಆತನ ತಪ್ಪಾಗಿರಲಿಲ್ಲ. ಒದ್ದೆಯನ್ನು ಅಡಗಿಸಿದ್ದು ತಪ್ಪಾಗಿತ್ತು. ಇಂದು ಒದ್ದೆ ಧಾನ್ಯವು ಗಾಜು ಮತ್ತು ಅಂಟಿನ ಕೆಳಗೆ ಅಡಗಿರುತ್ತದೆ. ಅಲ್ಲಿಗೆ ನಮ್ಮ ಬೆರಳು ತಲಪುವುದಿಲ್ಲ.

"ನಾನು ಬರೇ ನಕ್ಷೆ ಬರೆಯುವವನು. ಲಾಭದ ಲೆಕ್ಕ ಕಂಪೆನಿಯದ್ದು" ಎಂದು ವಿನ್ಯಾಸಕಾರನು ಹೇಳಬಹುದು. ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ವಿಕ್ಟರ್ ಪಾಪನೆಕ್ ಎಂಬ ವಿನ್ಯಾಸಕಾರರು ಈ ನೆಪವನ್ನು ಒಪ್ಪಲಿಲ್ಲ. 1971ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ 'ಡಿಸೈನ್ ಫಾರ್ ದ ರಿಯಲ್ ವರ್ಲ್ಡ್' ಎಂಬ ಕೃತಿಯಲ್ಲಿ ಅವರು ತಮ್ಮ ವೃತ್ತಿಯನ್ನೇ ಅತ್ಯಂತ ಹಾನಿಕರ ವೃತ್ತಿಗಳ ಸಾಲಿಗೆ ಸೇರಿಸಿದರು. ಒಬ್ಬನ ಕೈಯ ಒಂದು ಗೆರೆ ಕಾರ್ಖಾನೆಗೆ ಹೋದರೆ ಲಕ್ಷಾಂತರ ವಸ್ತುಗಳಾಗುತ್ತದೆ. ಅದರಲ್ಲಿನ ತಪ್ಪೂ ಅಷ್ಟೇ ಪಟ್ಟು ಬೆಳೆಯುತ್ತದೆ.

ತಪ್ಪನ್ನು ತೋರಿಸುವುದು ಸುಲಭ, ತಪ್ಪಿಲ್ಲದ ವಸ್ತುವನ್ನು ಮಾಡಿ ತೋರಿಸುವುದು ಸುಲಭವೇ? ಹಾಲೆಂಡಿನ ಬಾಸ್ ವಾನ್ ಆಬೆಲ್ ಎಂಬ ವಿನ್ಯಾಸಕಾರರು ಈ ಹಾದಿಯಲ್ಲಿ ಹೊರಟರು. ಫೋನಿನೊಳಗೆ ತವರ, ಟ್ಯಾಂಟಲಮ್, ಟಂಗ್‌ಸ್ಟನ್, ಚಿನ್ನಗಳಿರುತ್ತವೆ. ಪೂರ್ವ ಕಾಂಗೋದಲ್ಲಿ ಈ ಖನಿಜಗಳ ಹಣ ಶಸ್ತ್ರಧಾರಿ ಗುಂಪುಗಳ ಕೈ ಸೇರುತ್ತಿತ್ತು. ಅದನ್ನು ಜನರಿಗೆ ತಿಳಿಸಲು 2010ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಒಂದು ಅಭಿಯಾನ ಆರಂಭವಾಯಿತು. ಬರೇ ಮಾತಿನಿಂದ ಏನೂ ಬದಲಾಗದೆಂದು ಕಂಡು 2013ರಲ್ಲಿ ಅದು 'ಫೇರ್‌ಫೋನ್' ಎಂಬ ಕಂಪೆನಿಯಾಯಿತು.

ಆಗ ಅವರ ಮುಂದೆ ಎರಡು ದಾರಿಗಳಿದ್ದವು. ಕಾಂಗೋದ ಖನಿಜವನ್ನೇ ಮುಟ್ಟದಿರುವುದು ಒಂದು. ಅನೇಕ ದೊಡ್ಡ ಕಂಪೆನಿಗಳು ಹಾಗೆಯೇ ಮಾಡಿದ್ದವು. ಅವುಗಳ ಕೈ ಶುಭ್ರವಾಯಿತು ನಿಜ, ಆದರೆ ಗುದ್ದಲಿ ಹಿಡಿದು ಅಗೆದು ಬದುಕುತ್ತಿದ್ದ ಬಡವರ ಹೊಟ್ಟೆಯ ಮೇಲೆ ಏಟು ಬಿತ್ತು. ಫೇರ್‌ಫೋನ್ ಎರಡನೆಯ ದಾರಿ ಹಿಡಿಯಿತು. ಶಸ್ತ್ರಧಾರಿಗಳ ಹಿಡಿತವಿಲ್ಲವೆಂದು ಪರಿಶೀಲಿಸಲಾದ ಅದೇ ಕಾಂಗೋದ ಗಣಿಗಳಿಂದ ತವರ ಮತ್ತು ಟ್ಯಾಂಟಲಮ್ ಪಡೆಯಲು ಮುಂದಾಯಿತು. ಸ್ವಲ್ಪ ಆಲೋಚಿಸಿರಿ. ಕೆಡುಕಿನಿಂದ ದೂರ ಸರಿದು ನಿಲ್ಲುವುದಷ್ಟೇ ಒಳಿತೇ? ಕೆಡುಕಿನ ನಡುವೆ ಸಿಲುಕಿದವನ ಕೈ ಹಿಡಿಯುವುದು ಯಾರ ಕೆಲಸ?

ಆದರೆ ಈ ಪ್ರಯತ್ನವೂ ಎಡವಿತು. ಮೊದಲ ಫೋನಿಗೆ ಬಿಡಿಭಾಗಗಳನ್ನು ಒದಗಿಸುತ್ತಾ ಅದನ್ನು ಬಹುಕಾಲ ಬಾಳಿಸಬೇಕೆಂಬುದು ಅವರ ಆಶಯವಾಗಿತ್ತು. 2017ರಲ್ಲಿ ಅದನ್ನು ಕೈಬಿಡಬೇಕಾಯಿತು. ಭಾಗಗಳನ್ನು ತಯಾರಿಸುವವರು ಬೇರೆಯವರು. ಚಿಕ್ಕ ಕಂಪೆನಿಗಾಗಿ ಅವರು ಹಳೆಯ ಭಾಗಗಳನ್ನು ತಯಾರಿಸುತ್ತಾ ಕೂರಲಿಲ್ಲ. ನಂಬಿ ಕೊಂಡವರು ಬೇಸರಪಟ್ಟರು. ಕಂಪೆನಿ ಅದನ್ನು ಮುಚ್ಚಿಡದೆ ಬಹಿರಂಗವಾಗಿ ತಿಳಿಸಿತು. ಅಷ್ಟರಲ್ಲಿ, 2015ರಲ್ಲಿಯೇ ಎರಡನೆಯ ಫೋನು ಬಂದಿತ್ತು. ಅದರ ಸ್ಕ್ರೀನನ್ನು ಯಾವ ಉಪಕರಣವೂ ಇಲ್ಲದೆ ಮನೆಯಲ್ಲೇ ಬದಲಿಸಬಹುದಿತ್ತು. ಅದರ ಸಾಫ್ಟ್‌ವೇರನ್ನು 2023ರವರೆಗೆ ನವೀಕರಿಸುತ್ತಾ ಬರಲಾಯಿತು. ಎಡವಿದ ಜಾಗದಿಂದಲೇ ಅವರು ಮುಂದಕ್ಕೆ ನಡೆದರು. ಹಾಗಿದ್ದರೂ ನೂರಕ್ಕೆ ನೂರು ನ್ಯಾಯದ ಫೋನು ಇನ್ನೂ ಆಗಿಲ್ಲವೆಂದು ಅವರೇ ಒಪ್ಪುತ್ತಾರೆ. ಒಂದು ಫೋನಿನಲ್ಲಿ ಹತ್ತಾರು ಖನಿಜಗಳಿರುವಾಗ ಎಲ್ಲದರ ಮೂಲವನ್ನು ಹುಡುಕಿ ಮುಗಿಸುವುದು ಒಂದು ಕಂಪೆನಿಯ ಕೈಯಲ್ಲಿಲ್ಲ.

"ಪೂರ್ತಿ ಸರಿಪಡಿಸಲಾಗದ ಮೇಲೆ ಪ್ರಯತ್ನವೇಕೆ?" ಎಂದು ಕೇಳುವವರಿದ್ದಾರೆ. ನಮ್ಮ ನಿತ್ಯದ ಬದುಕಿನಲ್ಲಿಯೂ ಸೈತಾನನು ಈ ಮಾತನ್ನೇ ಕಿವಿಯಲ್ಲಿ ಊದುತ್ತಾನೆ. ಎಲ್ಲ ಹಸಿದವರಿಗೂ ಉಣಿಸಲಾಗದೆಂದು ಬಾಗಿಲಿಗೆ ಬಂದ ಒಬ್ಬನನ್ನು ನಾವು ಹಿಂದಕ್ಕೆ ಕಳುಹಿಸುತ್ತೇವೆಯೇ? ಫಲಿತಾಂಶ ನಮ್ಮ ಕೈಯಲ್ಲಿಲ್ಲ. ಪ್ರಾಮಾಣಿಕ ಉದ್ದೇಶ ಮತ್ತು ಪರಿಶ್ರಮ ನಮ್ಮ ಕೈಯಲ್ಲಿವೆ. ವಿಚಾರಣೆ ನಡೆಯುವುದೂ ಅವುಗಳ ಬಗ್ಗೆಯೇ.

ಓದುಗರೇ, ಆ ಫೋನನ್ನು ಕೊಳ್ಳಿರಿ ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಅದನ್ನು ಮುಖ್ಯವಾಗಿ ಯುರೋಪಿನ ಮಾರುಕಟ್ಟೆಗೆಂದು ಮಾಡಲಾಗಿದೆ. ನಮ್ಮ ಪಾಲಿನ ಹೊಣೆ ನಮ್ಮ ಮನೆಯಲ್ಲೇ ಇದೆ. ಮಿಕ್ಸಿಯೋ ಫ್ಯಾನೋ ಫೋನೋ ಕೊಳ್ಳುವಾಗ ಬಣ್ಣ ಮತ್ತು ಬೆಲೆಯನ್ನು ಕೇಳುತ್ತೇವೆ. ಇದನ್ನು ಬಿಚ್ಚಲು ಬರುತ್ತದೆಯೇ, ಐದು ವರ್ಷದ ಬಳಿಕ ಇದರ ಭಾಗ ಸಿಗುತ್ತದೆಯೇ ಎಂದೂ ಕೇಳೋಣ. ರಿಪೇರಿಯವನ ಕೂಲಿಗೆ ಚೌಕಾಸಿ ಮಾಡಿ, ಹೊಸ ವಸ್ತುವಿಗೆ ಕೇಳಿದಷ್ಟು ಕೊಡುವ ಅಭ್ಯಾಸವನ್ನು ಬಿಡೋಣ. ನೆರೆಮನೆಯವರು ಹೊಸದು ತಂದರೆಂಬ ಕಾರಣಕ್ಕೆ ನಮ್ಮದು ಹಳತಾಗುವುದಿಲ್ಲ ಎಂದು ಮಕ್ಕಳಿಗೆ ಹೇಳಿಕೊಡೋಣ. ಅವರಲ್ಲೊಬ್ಬರು ನಾಳೆ ಇಂಜಿನಿಯರೋ ವಿನ್ಯಾಸಕಾರರೋ ಆಗಬಹುದು. ನಕ್ಷೆ ಬರೆಯುವ ಮೇಜಿನ ಮುಂದೆ ಕುಳಿತಾಗ, ಯಾರಿಗೂ ಕಾಣದ ಆ ಒಳಭಾಗವನ್ನು ಅಲ್ಲಾಹನು ಕಾಣುತ್ತಿದ್ದಾನೆಂಬ ನೆನಪು ಅವರಿಗಿರಲಿ.