ಲಸಿಕೆಯ ಪ್ರಯೋಗ ಮತ್ತು ಅದತ್ತಾದಾನ

ಹಿರಿದಾದ ಫಲವನ್ನು ಬಯಸಿ ಎಸಗಿದ ಹಿಂಸೆಯು ಆ ಫಲದ ಕಾರಣದಿಂದಲೇ ನಿರ್ದೋಷವಾಗುವುದೇ? ಈ ಪ್ರಶ್ನೆ ಜೈನ ಸಾಹಿತ್ಯಕ್ಕೆ ಹೊಸದಲ್ಲ. ಜನ್ನಕವಿಯ ‘ಯಶೋಧರ ಚರಿತೆ’ಯಲ್ಲಿ ಅರಸನು ತಾಯಿಯ ಒತ್ತಾಯಕ್ಕೆ ಮಣಿದು, ಅರಿಷ್ಟನಿವಾರಣೆಗೆಂದು ಬಲಿಕೊಡುವುದು ಹಿಟ್ಟಿನ ಕೋಳಿಯನ್ನು ಮಾತ್ರ. ಆದರೂ ಸಂಕಲ್ಪದ ಹಿಂಸೆಯು ಅವನನ್ನು ಹಲವು ಜನ್ಮಗಳ ಕಾಲ ಪ್ರಾಣಿಯೋನಿಗಳಲ್ಲಿ ಅಲೆಯುವಂತೆ ಮಾಡುತ್ತದೆ. ಇಂದು ಅದೇ ಪ್ರಶ್ನೆ ದೇವಿಯ ಗುಡಿಯಿಂದ ಹೊರಟು ಪ್ರಯೋಗಶಾಲೆಯನ್ನು ಹೊಕ್ಕಿದೆ. ಇಲ್ಲಿ ಪ್ರಾಣಿ ಹಿಟ್ಟಿನದಲ್ಲ. ನಿವಾರಿಸಬೇಕಾದ ಅರಿಷ್ಟವೂ ಕಲ್ಪಿತವಲ್ಲ.

ಏಡ್ಸ್ ರೋಗಕ್ಕೆ ಕಾರಣವಾದ ಎಚ್‌ಐವಿ ವೈರಾಣುವನ್ನು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ವಿಜ್ಞಾನಿಗಳು ಗುರುತಿಸಿದ್ದು 1983ರಲ್ಲಿ. ಎರಡು ವರ್ಷಗಳೊಳಗೆ ಲಸಿಕೆಯೊಂದು ಪರೀಕ್ಷೆಗೆ ಸಿದ್ಧವಾದೀತೆಂದು ಅಮೆರಿಕದ ಆರೋಗ್ಯ ಸಚಿವೆ 1984ರಲ್ಲಿ ಆಶಿಸಿದ್ದರು. ನಾಲ್ಕು ದಶಕಗಳು ಕಳೆದರೂ ಪರಿಣಾಮಕಾರಿ ಲಸಿಕೆ ಕೈಗೂಡಿಲ್ಲ. ಈ ವೈರಾಣು ಬಹು ವೇಗವಾಗಿ ರೂಪ ಬದಲಿಸುತ್ತದೆ. ಅದರ ಹೊರಮೈಯ ಪ್ರೋಟೀನನ್ನು ಸಕ್ಕರೆಯ ಅಣುಗಳ ದಟ್ಟವಾದ ಹೊದಿಕೆ ಮರೆಮಾಡಿರುತ್ತದೆ. ರೋಗಾಣುವನ್ನು ಎದುರಿಸಲು ಶರೀರವು ತಯಾರಿಸುವ ಪ್ರತಿಕಾಯಗಳಲ್ಲಿ ಬಹುಪಾಲು ಈ ಹೊದಿಕೆಯ ಮುಂದೆ ಸೋಲುತ್ತವೆ. ನಾನಾ ಬಗೆಯ ಎಚ್‌ಐವಿಯನ್ನು ತಡೆಯಬಲ್ಲ ಪ್ರತಿಕಾಯಗಳು ಕೆಲವೇ ಸೋಂಕಿತರಲ್ಲಿ, ಅದೂ ವರ್ಷಗಳು ಕಳೆದ ಮೇಲೆ, ಹುಟ್ಟುತ್ತವೆ. ಅವನ್ನು ಲಸಿಕೆಯ ಮೂಲಕ ಹುಟ್ಟಿಸುವುದು ಹೇಗೆ ಎಂಬುದೇ ಸಂಶೋಧಕರ ಮುಂದಿರುವ ಸಮಸ್ಯೆ.

ಮನುಷ್ಯರಿಗೆ ಕೊಡುವ ಮೊದಲು ಲಸಿಕೆಯನ್ನು ಇಲಿ, ಮೊಲ, ಮಂಗಗಳಿಗೆ ಚುಚ್ಚಿ, ರಕ್ತವನ್ನು ತೆಗೆದು, ಪ್ರತಿಕಾಯಗಳ ಪ್ರಮಾಣವನ್ನೂ ಬಲವನ್ನೂ ಅಳೆಯುತ್ತಾರೆ. ರೀಸಸ್ ಮಂಗಗಳಲ್ಲಿ ಎಚ್‌ಐವಿ ಬೆಳೆಯದು. ಆದಕಾರಣ ಮಂಗಗಳ ವೈರಾಣುವಾದ ಎಸ್‌ಐವಿಯನ್ನೋ, ಇವೆರಡನ್ನೂ ಬೆಸೆದು ರಚಿಸಿದ ಮಿಶ್ರ ವೈರಾಣುವನ್ನೋ ಬಳಸುತ್ತಾರೆ. ಲಸಿಕೆ ಪಡೆದ ಮಂಗಗಳನ್ನು ಬೇಕೆಂದೇ ಸೋಂಕಿಗೆ ಒಡ್ಡಲಾಗುತ್ತದೆ. ಹೋಲಿಕೆಗೆಂದು ಲಸಿಕೆಯಿಲ್ಲದ ಗುಂಪೊಂದನ್ನೂ ಹಾಗೆಯೇ ಒಡ್ಡಬೇಕು; ಆ ಗುಂಪಿಗೆ ಸೋಂಕು ತಗುಲಿದರೆ ಮಾತ್ರ ಪ್ರಯೋಗಕ್ಕೆ ಅರ್ಥ. ಕೊನೆಯಲ್ಲಿ ಅನೇಕ ಪ್ರಾಣಿಗಳನ್ನು ಕೊಂದು ಅಂಗಾಂಶಗಳನ್ನು ಪರೀಕ್ಷಿಸುವುದುಂಟು. ಭಾರತೀಯ ಮೂಲದ ರೀಸಸ್ ಮಂಗಗಳಲ್ಲಿ ಎಸ್‌ಐವಿ ರೋಗವು ಚೀನೀ ಮೂಲದವುಗಳಿಗಿಂತ ಬೇಗ ಉಲ್ಬಣಿಸುವುದರಿಂದ, ಅಮೆರಿಕದ ಏಡ್ಸ್ ಸಂಶೋಧನೆಯಲ್ಲಿ ಅವಕ್ಕೇ ಹೆಚ್ಚಿನ ಬೇಡಿಕೆ. ಮಂಗಗಳ ರಫ್ತನ್ನು ಭಾರತ 1978ರಲ್ಲಿ ನಿಷೇಧಿಸಿತು. ಆದರೆ ಅದಕ್ಕೆ ಮೊದಲೇ ಸಾಗಿಹೋದವುಗಳ ಸಂತತಿ ಅಲ್ಲಿ ಇನ್ನೂ ಪಂಜರಗಳಲ್ಲಿದೆ.

ಪ್ರಯೋಗವನ್ನು ಸಮರ್ಥಿಸುವವರ ವಾದ ಹಗುರವಾದುದಲ್ಲ. ಜಗತ್ತಿನಲ್ಲಿ ಸುಮಾರು 4 ಕೋಟಿ ಜನರು ಈ ಸೋಂಕಿನೊಡನೆ ಬದುಕುತ್ತಿದ್ದಾರೆ; ಇದುವರೆಗೆ ಅಸುನೀಗಿದವರ ಸಂಖ್ಯೆಯೂ 4 ಕೋಟಿಯನ್ನು ಮೀರಿದೆ. ಮಂಗಗಳಿಂದ ದೊರೆತ ಅರಿವು ವ್ಯರ್ಥವೂ ಅಲ್ಲ. ತಕ್ಕ ಪ್ರತಿಕಾಯವನ್ನು ಮುಂಚಿತವಾಗಿ ನೀಡಿದರೆ ಸೋಂಕನ್ನು ತಡೆಯಬಹುದೆಂದು ಅವುಗಳ ಮೇಲಿನ ಪ್ರಯೋಗಗಳು ತೋರಿಸಿದ್ದವು. ಸುಮಾರು 4,600 ಸ್ವಯಂಸೇವಕರು ಪಾಲ್ಗೊಂಡ ಪರೀಕ್ಷೆಗಳ ಫಲಿತಾಂಶ 2021ರಲ್ಲಿ ಹೊರಬಂದಾಗ, ವಿಆರ್‌ಸಿ01 ಎಂಬ ಪ್ರತಿಕಾಯವು ಒಟ್ಟಾರೆಯಾಗಿ ಸೋತಿದ್ದರೂ, ತನಗೆ ಮಣಿಯುವ ಬಗೆಯ ವೈರಾಣುಗಳನ್ನು ಬಹುಮಟ್ಟಿಗೆ ತಡೆದಿತ್ತು.

ಆದರೆ ಇದಕ್ಕೆ ಇನ್ನೊಂದು ಮುಖವಿದೆ. ವೈರಾಣುವಿನ ಹೊರಪ್ರೋಟೀನಿನಿಂದ ತಯಾರಿಸಿದ ಲಸಿಕೆಯು ಚಿಂಪಾಂಜಿಗಳನ್ನು ರಕ್ಷಿಸಿತೆಂದು 1990ರಲ್ಲಿ ವರದಿಯಾಯಿತು. ಅದೇ ಬಗೆಯ ಲಸಿಕೆ ಮನುಷ್ಯರನ್ನು ರಕ್ಷಿಸಲಿಲ್ಲವೆಂಬುದು ಸಾವಿರಾರು ಜನರ ಮೇಲಿನ ಪರೀಕ್ಷೆಗಳಿಂದ 2003ರಲ್ಲಿ ತಿಳಿಯಿತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಚಿಂಪಾಂಜಿಗಳ ಮೇಲಿನ ಇಂತಹ ಸಂಶೋಧನೆಗೆ ನೀಡುತ್ತಿದ್ದ ನೆರವನ್ನು 2015ರಲ್ಲಿ ಕೊನೆಗೊಳಿಸಿದವು. ಪ್ರಾಣಿಯ ವೇದನೆ ಪ್ರಯೋಗದ ಮೊದಲೇ ನಿಶ್ಚಿತ. ಮನುಷ್ಯನಿಗಾಗುವ ಹಿತವಾದರೋ ಕೊನೆಯವರೆಗೂ ಸಂದಿಗ್ಧ. ತಕ್ಕಡಿಯ ಎರಡು ತಟ್ಟೆಗಳಲ್ಲಿ ಒಂದೇ ಬಗೆಯ ತೂಕವನ್ನು ಇಟ್ಟಂತಾಗಲಿಲ್ಲ.

ಪ್ರಯೋಗಶಾಲೆಯಲ್ಲಿ ಪ್ರಾಣಿಯನ್ನು ಕೊಲ್ಲುವುದಕ್ಕೆ ಇಂಗ್ಲಿಷ್ ಬರಹಗಳಲ್ಲಿ ‘ಸ್ಯಾಕ್ರಿಫೈಸ್’ ಎಂಬ ಮಾತು ರೂಢಿಯಲ್ಲಿದೆ. ಆ ಮಾತಿಗೆ ಬಲಿಯೆಂಬ ಅರ್ಥವೂ ಉಂಟು, ತ್ಯಾಗವೆಂಬ ಅರ್ಥವೂ ಉಂಟು. ತ್ಯಾಗವೆಂದರೆ ತನ್ನದನ್ನು ಅರಿತು ತಾನೇ ಬಿಡುವುದು. ಮಂಗವು ಏನನ್ನೂ ಬಿಡಲಿಲ್ಲ; ಅದರಿಂದ ಕಿತ್ತುಕೊಳ್ಳಲಾಯಿತು. ಕೊಡದುದನ್ನು ತೆಗೆದುಕೊಳ್ಳುವುದು ಅದತ್ತಾದಾನ. ಅಚೌರ್ಯವ್ರತಕ್ಕೆ ಅದು ಭಂಗ. ಥಾಯ್ಲೆಂಡಿನಲ್ಲಿ 16,000ಕ್ಕೂ ಹೆಚ್ಚು ಮಂದಿ ಒಪ್ಪಿಗೆ ಕೊಟ್ಟು ಲಸಿಕೆಯ ಪರೀಕ್ಷೆಗೆ ಮುಂದೆ ಬಂದರು. ಶೇಕಡ 31ರಷ್ಟು ರಕ್ಷಣೆ ದೊರೆತಿತೆಂದು 2009ರಲ್ಲಿ ಪ್ರಕಟವಾಯಿತು. ಅವರಾರಿಗೂ ಬೇಕೆಂದೇ ಸೋಂಕು ತಗುಲಿಸಲಿಲ್ಲ. ಅವರದು ದಾನ. ಮಂಗದ್ದು ಅದತ್ತ.

ಹಾಗಾದರೆ ಪ್ರಯೋಗಗಳನ್ನೆಲ್ಲ ಖಂಡಿಸಿದ ಮಾತ್ರಕ್ಕೆ ಶ್ರಾವಕನು ಶುದ್ಧನಾಗುವನೇ? ಪಾಪವು ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆ. ರೋಗ ಬಂದಾಗ ಔಷಧಿಯನ್ನು ಸ್ವೀಕರಿಸಿ, ಅದು ಬಂದ ದಾರಿಯನ್ನು ಮಾತ್ರ ಹಳಿಯುವವನು ಅನುಮೋದನೆಯ ಪಾಲಿನಿಂದ ತಪ್ಪಿಸಿಕೊಳ್ಳಲಾರ. ಲಸಿಕೆಯೇ ಬೇಡವೆನ್ನುವುದು ರೋಗಿಯ ಬಗೆಗಿನ ನಿರ್ದಯೆಯಾದೀತು. ಪ್ರಯೋಗದಲ್ಲಿ ದೋಷವೇ ಇಲ್ಲವೆನ್ನುವುದು ಪ್ರಾಣಿಯ ಬಗೆಗಿನ ಅಸತ್ಯವಾದೀತು. ದೋಷವನ್ನು ದೋಷವೆಂದೇ ಒಪ್ಪಿ, ಅದನ್ನು ಋಣವೆಂದು ಹೊರುವುದೊಂದೇ ಉಳಿದಿರುವ ಪ್ರಾಮಾಣಿಕ ಮಾರ್ಗ.

ಋಣಕ್ಕೆ ನಿಯಮಗಳುಂಟು. ಜೈನದರ್ಶನವು ಹಿಂಸೆಯ ಮೂಲವನ್ನು ಪ್ರಮಾದದಲ್ಲಿ, ಎಂದರೆ ಎಚ್ಚರಗೇಡಿತನದಲ್ಲಿ ಕಾಣುತ್ತದೆ. ಉತ್ತರ ಈಗಾಗಲೇ ದೊರೆತಿರುವ ಪ್ರಶ್ನೆಯನ್ನು ಮತ್ತೆ ಪ್ರಾಣಿಯ ಮೈಮೇಲೆ ಕೇಳುವುದು ಪ್ರಮಾದ. ವಿಫಲವಾದ ಪ್ರಯೋಗವನ್ನು ಪ್ರಕಟಿಸದೆ ಮುಚ್ಚಿಟ್ಟು, ಇನ್ನೊಬ್ಬರು ಅದನ್ನೇ ಮಾಡುವಂತಾಗಿಸುವುದು ಪ್ರಮಾದ. ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ ಎಂಬ ವಿಜ್ಞಾನಿಗಳು 1959ರಲ್ಲೇ ಮೂರು ಸೂತ್ರಗಳನ್ನು ಮುಂದಿಟ್ಟರು: ಸಾಧ್ಯವಿದ್ದಲ್ಲಿ ಪ್ರಾಣಿಯ ಬದಲು ಬೇರೆ ಉಪಾಯ, ಇಲ್ಲವಾದಲ್ಲಿ ಕಡಿಮೆ ಸಂಖ್ಯೆ, ಅದರಲ್ಲೂ ಕಡಿಮೆ ನೋವು.

ಪ್ರತಿಕಾಯಗಳ ಸಂಶೋಧನೆಯೇ ಈಗ ಆ ದಿಕ್ಕಿನತ್ತ ಬಾಗಿಲೊಂದನ್ನು ತೆರೆದಿದೆ. ವಿಆರ್‌ಸಿ01 ಬಗೆಯ ಪ್ರತಿಕಾಯಕ್ಕೆ ಬೇಕಾದ ಮಾನವ ವಂಶವಾಹಿ ಸಾಮಾನ್ಯ ಇಲಿಗಳಲ್ಲಿಲ್ಲ. ಅದನ್ನು ಸೇರಿಸಿದ ಇಲಿಗಳ ಮೇಲೆ ಮೊದಲ ಪ್ರಯೋಗಗಳು ನಡೆದರೂ ಕಡೆಯ ಉತ್ತರ ಮನುಷ್ಯನಿಂದಲೇ ಬರಬೇಕಿತ್ತು. ಅಮೆರಿಕದಲ್ಲಿ ಲಸಿಕೆ ಪಡೆದ 36 ಸ್ವಯಂಸೇವಕರಲ್ಲಿ 35 ಮಂದಿಯಲ್ಲಿ ಅಂತಹ ಪ್ರತಿಕಾಯಗಳ ಮೊದಲ ಹಂತದ ಕೋಶಗಳು ಎಚ್ಚೆತ್ತವೆಂದು 2022ರಲ್ಲಿ ಪ್ರಕಟವಾಯಿತು. ಅಪಾಯ ಅಲ್ಪವಾಗಿರುವಲ್ಲಿ, ಅರಿತು ಒಪ್ಪಬಲ್ಲವನೇ ಮೊದಲು ತೋಳನ್ನು ಒಡ್ಡುವುದು ಧರ್ಮಕ್ಕೆ ಹತ್ತಿರವಾದ ದಾರಿ.

ಮುಂದೊಂದು ದಿನ ಈ ಲಸಿಕೆ ಸಿದ್ಧಿಸಬಹುದು. ಆಗ ಅದರ ಒಂದೊಂದು ಹನಿಯಲ್ಲಿಯೂ ಕೊಟ್ಟವರ ಪಾಲಿರುತ್ತದೆ. ಕೊಡದೆಯೇ ಕಳೆದುಕೊಂಡವುಗಳ ಪಾಲೂ ಇರುತ್ತದೆ. ಎರಡನ್ನೂ ತ್ಯಾಗವೆಂಬ ಒಂದೇ ಹೆಸರಿನಿಂದ ಕರೆಯದಿರುವಷ್ಟು ವಿವೇಕವಾದರೂ ಪಡೆದವರಲ್ಲಿ ಇರಬೇಕು.