ಚೀಲದ ಮೇಲಿನ ಹೆಸರು

ಮಳವಳ್ಳಿ ಕಡೆಯ ಹಿರಿಯ ಹೆಂಗಸೊಬ್ಬರು ನನ್ನಿಂದ ಉಪ್ಪಿನಕಾಯಿ ಜಾಡಿಯೊಂದನ್ನು ಕೊಂಡಿದ್ದರು. ಮೂರು ತಿಂಗಳಾದ ಮೇಲೆ ಅದನ್ನು ಹಳೇ ಟವಲಿನಲ್ಲಿ ಸುತ್ತಿಕೊಂಡು ಮದ್ದೂರಿನ ನನ್ನ ಶೆಡ್ಡಿಗೆ ಬಂದರು. ಒಳಗಿನ ಗ್ಲೇಜಿನ ತುಂಬ ಕೂದಲೆಳೆಯಂಥ ಬಿರುಕು. ಬಿರುಕಿನೊಳಗೆ ಖಾರದ ಎಣ್ಣೆ ಇಳಿದು ಕೆಂಪು ಬಲೆ ಹೆಣೆದಿತ್ತು. ತಳದ ಹೊರಮೈಯಲ್ಲೂ ಜಿಡ್ಡು. "ಇದ್ಯಾಕಪ್ಪ ಹಿಂಗಾಯ್ತು?" ಎಂದರು. ಗೊತ್ತಿಲ್ಲ ಕಣವ್ವ ಎಂದೆ. ಸುಳ್ಳಲ್ಲ, ನಿಜವಾಗಿಯೂ ಗೊತ್ತಿರಲಿಲ್ಲ. ಅವರಿಗೆ ಸಿಟ್ಟು ಬರಲಿಲ್ಲ, ಆಶ್ಚರ್ಯವಾಯಿತು. "ಮಾಡ್ದೋನ್ಗೇ ಗೊತ್ತಿಲ್ದೆ ಇನ್ಯಾರ್ಗ್ ಗೊತ್ತಿದ್ದದು?"

ಅವರು ಹೋದ ಮೇಲೂ ಆ ಮಾತು ಶೆಡ್ಡಿನಲ್ಲೇ ಉಳಿಯಿತು. 'ಗೊತ್ತಿರಲಿಲ್ಲ' ಎಂಬುದನ್ನು ನಾವು ತಪ್ಪಿಗೆ ವಿನಾಯಿತಿಯಾಗಿ ಬಳಸುತ್ತೇವೆ. ಅದೇ ತಪ್ಪಾಗಿರುವುದು ಯಾವಾಗ?

ನಡೆದದ್ದು ಇಷ್ಟು. ಆ ಸಲ ಫೆಲ್ಡ್‌ಸ್ಪಾರ್ ಮುಗಿದಿತ್ತು, ಬೇರೊಂದು ಅಂಗಡಿಯಿಂದ ಹೊಸ ಚೀಲ ತಂದಿದ್ದೆ. ಹಳೆಯ ಚೀಲದ ಮೇಲಿದ್ದ ಹೆಸರೇ ಇದರ ಮೇಲೂ ಇತ್ತು. ಪುಡಿಯೂ ಅದೇ ಬಿಳಿ, ಅದೇ ನುಣುಪು. ನೋಟ್‌ಬುಕ್ಕಿನ ಲೆಕ್ಕದಂತೆ ತೂಗಿದೆ, ಕಲಸಿದೆ, ಅದ್ದಿದೆ, ಸುಟ್ಟೆ.

ಹೆಸರು ಒಂದಾದರೂ ಅದು ಒಂದು ಕಲ್ಲಲ್ಲ, ಒಂದು ಮನೆತನ. ಶುದ್ಧ ಪೊಟ್ಯಾಷ್ ಫೆಲ್ಡ್‌ಸ್ಪಾರ್ ಇದೆ ಎಂದುಕೊಂಡರೆ, ನೂರು ಗ್ರಾಂನಲ್ಲಿ ಸಿಲಿಕಾ ಸುಮಾರು 65, ಅಲ್ಯೂಮಿನಾ 18, ಪೊಟ್ಯಾಷ್ 17. ಸೋಡಾ ಫೆಲ್ಡ್‌ಸ್ಪಾರ್ ಆದರೆ ಸಿಲಿಕಾ 69, ಅಲ್ಯೂಮಿನಾ 19, ಸೋಡಾ 12. ಸಿಲಿಕಾ ಗಾಜಾಗುತ್ತದೆ. ಅಲ್ಯೂಮಿನಾ ಆ ಗಾಜು ಪಾತ್ರೆಯಿಂದ ಸುರಿದುಹೋಗದಂತೆ ಹಿಡಿದುಕೊಳ್ಳುತ್ತದೆ. ಒಂಟಿಯಾಗಿ 1700 ಡಿಗ್ರಿ ದಾಟಿದರೆ ಮಾತ್ರ ಕರಗುವ ಸಿಲಿಕಾವನ್ನು ನಮ್ಮ ಗೂಡಿನ ಬಿಸಿಗೆ ಕರಗಿಸುವುದು ಪೊಟ್ಯಾಷ್, ಸೋಡಾಗಳು. ಮೂರೂ ಕೆಲಸದವರು ಒಂದೇ ಕಲ್ಲಿನಲ್ಲಿ ಕೂತಿರುವುದರಿಂದ, ಬೇರೇನೂ ಬೆರೆಸದೆ ಇದನ್ನೊಂದನ್ನೇ ಅರೆದು ಬಳಿದು 1250 ಡಿಗ್ರಿಯ ಮೇಲೆ ಸುಟ್ಟರೂ ಒಂದು ಬಗೆಯ ಗ್ಲೇಜು ಬರುತ್ತದೆ.

ತೂಕ ನೋಡಿದರೆ 12 ಸೋಡಾ 17 ಪೊಟ್ಯಾಷಿಗಿಂತ ಕಡಿಮೆ ಅನ್ನಿಸುತ್ತದೆ. 19ನೆಯ ಶತಮಾನದ ಜರ್ಮನಿಯ ಹರ್ಮನ್ ಸೇಗರ್ ತೋರಿಸಿಕೊಟ್ಟದ್ದು, ಗ್ಲೇಜನ್ನು ತೂಕದಲ್ಲಲ್ಲ, ಅಣುಗಳ ಎಣಿಕೆಯಲ್ಲಿ ಓದಬೇಕು ಎಂದು. ಹಾಗೆ ಎಣಿಸಿದರೆ ಎರಡೂ ಫೆಲ್ಡ್‌ಸ್ಪಾರ್‌ಗಳ ಅನುಪಾತ ಒಂದೇ: ಕ್ಷಾರ 1, ಅಲ್ಯೂಮಿನಾ 1, ಸಿಲಿಕಾ 6. ಸೋಡಾದ ಅಣು ಹಗುರವಾದ್ದರಿಂದ, ಅದೇ ತೂಕದ ಪುಡಿಯಲ್ಲಿ ಅದರ ಎಣಿಕೆಯೇ ಹೆಚ್ಚು. ಸೋಡಾ ಹೆಚ್ಚಾದ ಗಾಜು ಆರುವಾಗ ಹೆಚ್ಚು ಕುಗ್ಗುತ್ತದೆ, ಕೆಳಗಿನ ಮಣ್ಣಿನ ಮೈ ಅಷ್ಟು ಕುಗ್ಗುವುದಿಲ್ಲ. ಮೈಗಿಂತ ಚಿಕ್ಕದಾದ ಅಂಗಿಯಂತೆ ಗ್ಲೇಜು ಬಿರಿಯುತ್ತದೆ. ಜಾಡಿಯ ಒಳಗಿದ್ದ ಕೆಂಪು ಬಲೆ ಅದೇ. ಅಂಗಡಿಯವರನ್ನು ಕಾಡಿಸಿ ಹೊಸ ಚೀಲದ ವಿಶ್ಲೇಷಣೆಯ ಕಾಗದ ತರಿಸಿಕೊಂಡಾಗ ಸೋಡಾ ಪೊಟ್ಯಾಷನ್ನು ಮೀರಿಸಿತ್ತು.

ತಮಾಷೆಯೆಂದರೆ, ನಾನು ಓಡಾಡುವುದೇ ಈ ಕಲ್ಲಿನ ಮೇಲೆ. ಮದ್ದೂರಿನಿಂದ ಬೆಂಗಳೂರಿನ ಕಡೆ ಹೋದರೆ ರಾಮನಗರದ ಬೆಟ್ಟಗಳು ಸಿಗುತ್ತವೆ. ಆ ಊರಿನ ಹಳೆಯ ಹೆಸರಿನಿಂದಲೇ ಭೂವಿಜ್ಞಾನಿಗಳು ಅದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆದರು. ವಯಸ್ಸು ಸುಮಾರು 250 ಕೋಟಿ ವರ್ಷ. ಅದರಲ್ಲಿ ಹೆಬ್ಬೆರಳಿನಷ್ಟು ದಪ್ಪ ಕಾಣುವ ನಸುಗೆಂಪು ಹರಳುಗಳು ಪೊಟ್ಯಾಷ್ ಫೆಲ್ಡ್‌ಸ್ಪಾರ್. ಹತ್ತಿರದಿಂದ ನೋಡಿದರೆ ಇಂಥ ಹರಳಿನೊಳಗೂ ಸೋಡಾದ ಸಣ್ಣ ಎಳೆಗಳು ಹರಿದಿರುತ್ತವೆ. ಬಿಸಿಯಲ್ಲಿ ಒಂದಾಗಿದ್ದವು ತಣ್ಣಗಾಗುತ್ತ ಬೇರ್ಪಟ್ಟದ್ದು. ಬೆಟ್ಟಕ್ಕೇ ಶುದ್ಧ ಹೆಸರಿಲ್ಲದಾಗ ಚೀಲಕ್ಕೆ ಎಲ್ಲಿಂದ ಬರಬೇಕು? ಮಳೆ ಬಿದ್ದು ಬಿದ್ದು ಈ ಕಲ್ಲು ಪೊಟ್ಯಾಷ್, ಸೋಡಾಗಳನ್ನು ನೀರಿಗೆ ಬಿಟ್ಟುಕೊಟ್ಟಾಗ ಉಳಿಯುವುದು ಜೇಡಿ. ಅಂದರೆ ಗ್ಲೇಜು ಹಾಕುವವನು ಜೇಡಿಮಣ್ಣು ಕಳೆದುಕೊಂಡದ್ದನ್ನೇ ಅದರ ಮೈಮೇಲೆ ಮತ್ತೆ ಹೊದಿಸುತ್ತಿದ್ದಾನೆ.

ಮಂಡ್ಯ ಜಿಲ್ಲೆಯಲ್ಲಿ ಪೊಟ್ಯಾಷ್ ಎಂಬ ಪದ ಗೊತ್ತಿಲ್ಲದ ಮನೆಯಿಲ್ಲ. ಕಬ್ಬಿಗೆ ಹಾಕುವ ಗೊಬ್ಬರದ ಚೀಲದ ಮೇಲೆ ಅದು ಶೇ. 60 ಎಂದು ಅಚ್ಚಾಗಿರಲೇಬೇಕು. 1985ರ ರಸಗೊಬ್ಬರ ನಿಯಂತ್ರಣ ಆದೇಶ ಹಾಗೆ ಕೇಳುತ್ತದೆ. ಕಬ್ಬಿಗೆ ಸಿಕ್ಕ ಈ ಮರ್ಯಾದೆ ಉಪ್ಪಿನಕಾಯಿ ತಿನ್ನುವವರಿಗೆ ನನ್ನಿಂದ ಸಿಗಲಿಲ್ಲ.

ಇಂಗ್ಲೆಂಡಿನ ಗಣಿತಜ್ಞ ಡಬ್ಲ್ಯು. ಕೆ. ಕ್ಲಿಫರ್ಡ್ 1877ರಲ್ಲಿ ನಂಬಿಕೆಯ ನೀತಿಯ ಬಗ್ಗೆ ಬರೆದ ಪ್ರಬಂಧದಲ್ಲಿ ಒಬ್ಬ ಹಡಗಿನ ಒಡೆಯ ಬರುತ್ತಾನೆ. ಹಡಗು ಹಳೆಯದು ಎಂಬ ಅನುಮಾನವನ್ನು ಅದುಮಿಕೊಂಡು, ಏನೂ ಆಗುವುದಿಲ್ಲ ಎಂದು ಮನಸಾರೆ ನಂಬಿ ಜನರನ್ನು ಹತ್ತಿಸುತ್ತಾನೆ. ಹಡಗು ಮುಳುಗಿದರೆ ಅವನು ಅಪರಾಧಿ, ಸರಿ. ಕ್ಲಿಫರ್ಡ್ ಹೇಳುವುದು, ಹಡಗು ಕ್ಷೇಮವಾಗಿ ದಡ ಸೇರಿದರೂ ಅವನು ಅಷ್ಟೇ ಅಪರಾಧಿ ಎಂದು. ನನ್ನ ಜಾಡಿ ಯಾರ ಪ್ರಾಣವನ್ನೂ ತೆಗೆಯುವಂಥದಲ್ಲ. ಆದರೆ ಕಡಿಮೆ ಬಿಸಿಯ ಗ್ಲೇಜುಗಳಲ್ಲಿ ಕರಗಿಸುವ ಕೆಲಸಕ್ಕೆ ಸೀಸ ಬಳಸಿದ್ದುಂಟು. ಅಂಥದ್ದು ಸರಿಯಾಗಿ ಕೂಡಿಕೊಳ್ಳದಿದ್ದರೆ ನಿಂಬೆಹುಳಿ ಅದನ್ನು ಕರಗಿಸಿ ಊಟದ ತಟ್ಟೆಗೆ ತರುತ್ತದೆ. ಹೆಸರು ಓದಿ ನಂಬುವ ನನ್ನ ಅಭ್ಯಾಸ ಅಂಥ ಪುಡಿಯ ಚೀಲದ ಮುಂದೆಯೂ ಇದೇ ಆಗಿರುತ್ತಿತ್ತು. ಕೇಡು ಸಣ್ಣದಾದದ್ದು ಅದೃಷ್ಟ.

ಆದರೂ ಕ್ಲಿಫರ್ಡನನ್ನು ಪೂರ್ತಿ ಒಪ್ಪಲು ನನಗೆ ಕಷ್ಟ. ನಮ್ಮ ಹಳ್ಳಿಗಳ ಕುಂಬಾರರು ಯಾವತ್ತು ಮಣ್ಣನ್ನು ಪರೀಕ್ಷೆಗೆ ಕಳಿಸಿದ್ದರು? ಅವನ ಲೆಕ್ಕದಲ್ಲಿ ಅವರೆಲ್ಲ ಆಧಾರವಿಲ್ಲದೆ ನಂಬಿದವರಾಗಬೇಕು. ಅದು ನಿಜವಲ್ಲ. ಅದೇ ಕೆರೆ, ಅದೇ ಏರಿಯ ಕೆಳಗಿನ ಗುಂಡಿ, ಅಪ್ಪ ತೆಗೆದ ಜಾಗದ ಪಕ್ಕದಲ್ಲೇ ಮಗ. ಬಾಯಿಗೆ ಹಾಕಿ ಮರಳು ನೋಡುವುದು, ಸುಟ್ಟ ಮೇಲೆ ಬೆರಳಲ್ಲಿ ತಟ್ಟಿ ದನಿ ಕೇಳುವುದು. ಕೆಟ್ಟ ಮಡಕೆಯ ದೂರು ಮಾರನೆಯ ದಿನ ಅದೇ ಬೀದಿಯಿಂದ ಬರುತ್ತಿತ್ತು. ಕಾಗದವಿಲ್ಲದಿದ್ದರೂ ಅದು ಆಧಾರವೇ. ಅವರ ನಂಬಿಕೆಗೆ ಬೇರು ಇದ್ದದ್ದು ಮಣ್ಣು ಬದಲಾಗದ ಜಾಗದಲ್ಲಿ. ನಾನು ಮಾಡಿದ್ದು, ಎಲ್ಲಿಂದಲೋ ಬಂದ ಪುಡಿಯನ್ನು ಕೆರೆಯ ಮಣ್ಣಿನ ಹಾಗೆ ನಂಬಿದ್ದು. ಜಾಗ ಬಿಟ್ಟುಕೊಟ್ಟ ಮೇಲೆ ಅದರ ಬದಲಿಗೆ ಏನನ್ನಾದರೂ ಹಿಡಿಯಬೇಕಿತ್ತು: ಒಂದು ಕಾಗದ, ಅದೂ ಇಲ್ಲದಿದ್ದರೆ ಒಂದು ಬಿಲ್ಲೆಗೆ ಗ್ಲೇಜು ಬಳಿದು ಸುಟ್ಟು, ಬಿಸಿನೀರಿಗೂ ತಣ್ಣೀರಿಗೂ ಅದ್ದಿ ನೋಡುವ ಎರಡು ದಿನದ ಕೆಲಸ. ಎರಡು ದಿನ ಉಳಿಸಿದೆ. ನನ್ನ 'ಗೊತ್ತಿರಲಿಲ್ಲ'ದ ಬೆಲೆ ಅದು.

ಆ ಸುತ್ತಿನಲ್ಲಿ 14 ಜಾಡಿ ಸುಟ್ಟಿದ್ದೆ. 9 ಮನೆಗಳು ಗೊತ್ತಿದ್ದವು, ಹೋಗಿ ಹೇಳಿ ಬಂದೆ. 5 ಸಂತೆಯಲ್ಲಿ ಹೋದವು, ಯಾರ ಅಡುಗೆಮನೆಯಲ್ಲಿವೆಯೋ.

ಮಳವಳ್ಳಿ ಕಡೆಯ ಆ ಮನೆಗೆ ಕೊನೆಗೆ ಹೊಸ ಜಾಡಿ ಹಿಡಿದು ಹೋದೆ. ಸೋಡಾ, ಪೊಟ್ಯಾಷ್ ಕತೆಯನ್ನು ತಿಳಿದಷ್ಟು ಸರಳವಾಗಿ ಹೇಳಿದೆ. ಗಮನವಿಟ್ಟು ಕೇಳಿ, "ಹಂಗಾರೆ ಅಂಗ್ಡಿಯೋರು ಮೋಸ ಮಾಡುದ್ರಾ?" ಎಂದರು. ಹೌದು ಎನ್ನುವುದು ಸುಲಭವಿತ್ತು. ಇಲ್ಲವ್ವ, ಅವರು ಫೆಲ್ಡ್‌ಸ್ಪಾರನ್ನೇ ಕೊಟ್ಟರು, ಯಾವುದು ಅಂತ ನಾನೇ ಕೇಳಲಿಲ್ಲ ಎಂದೆ. ಅವರು ಹೊಸದನ್ನು ಬೆಳಕಿಗೆ ಹಿಡಿದು ಒಳಗೆಲ್ಲ ಬೆರಳಾಡಿಸಿ ನೋಡಿದರು. ಹಳೆಯದನ್ನು ಕೇಳಿದೆ, ಕೊಡಲಿಲ್ಲ. ಅದರಲ್ಲಿ ಅವರೆ ಬೀಜ ತುಂಬಿಟ್ಟಿದ್ದರು.