ಯುದ್ಧಕಾಲೇ ಶಸ್ತ್ರಾಭ್ಯಾಸ

2025ರ ಮೇ 7. ಬೆಳಗ್ಗೆ ಎದ್ದವರಿಗೆ ಆಪರೇಷನ್ ಸಿಂಧೂರದ ಸುದ್ದಿ ಕಾದಿತ್ತು. ಅದೇ ದಿನ ದೇಶದ 244 ಪೌರರಕ್ಷಣಾ ಜಿಲ್ಲೆಗಳಲ್ಲಿ ಮಾಕ್ ಡ್ರಿಲ್ ನಿಗದಿಯಾಗಿತ್ತು. ಬೆಂಗಳೂರು, ಕೈಗಾ ಅಣುಸ್ಥಾವರವಿರುವ ಉತ್ತರ ಕನ್ನಡ, ಶಾಖೋತ್ಪನ್ನ ವಿದ್ಯುತ್ ಕೇಂದ್ರವಿರುವ ರಾಯಚೂರು ಪಟ್ಟಿಯಲ್ಲಿದ್ದವು. ಹಲಸೂರಿನಲ್ಲಿ ಸೈರನ್ ಮೊಳಗಿತು. ಸೈರನ್ ಏರಿಳಿಯುತ್ತ ಕೂಗಿದರೆ ಅಪಾಯ, ಒಂದೇ ಸಮನೆ ಕೂಗಿದರೆ ಅಪಾಯ ಕಳೆಯಿತು ಎಂದರ್ಥ. ಇಷ್ಟು ಸಣ್ಣ ಸಂಗತಿ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತಿತ್ತು? ಆ ವಾರವಿಡೀ ಕಿವಿಗೆ ಬಿದ್ದದ್ದು ಒಂದೇ ಪ್ರಶ್ನೆ: ‘ಸೈನ್ಯ ಸೇರದ ನಾವು ದೇಶಕ್ಕಾಗಿ ಏನು ಮಾಡಬಹುದು?’ ಗಡಿಯಲ್ಲಿ ಗುಂಡಿನ ಸದ್ದು ಕೇಳಿದಾಗಲೆಲ್ಲ ಈ ಪ್ರಶ್ನೆ ಏಳುತ್ತದೆ, ಸದ್ದು ಅಡಗಿದ ಕೂಡಲೇ ಮಲಗುತ್ತದೆ. ಹಾಗಾಗಿಯೇ ಆ ಹಳೆಯ ಮಾತು ಮತ್ತೆ ಮತ್ತೆ ನೆನಪಾಗುತ್ತಿದೆ: ಯುದ್ಧಕಾಲೇ ಶಸ್ತ್ರಾಭ್ಯಾಸ.

ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ಬಿಚ್ಚಿದ ಮಗನಿಗೆ ಅಪ್ಪ ಹೇಳುವ ಮಾತು ಇದು. ಅಷ್ಟಕ್ಕೇ ಅದನ್ನು ಕಟ್ಟಿಹಾಕಿದರೆ ಮಾತಿಗೇ ಅನ್ಯಾಯ. ಇನ್ನು ಕೆಲವರು ಇದರಿಂದ ನಿರಾಶೆಯ ಅರ್ಥ ಹಿಂಡುತ್ತಾರೆ: ಮೊದಲೇ ಕಲಿಯದವನು ಈಗ ಸುಮ್ಮನೆ ಕೂರಲಿ ಎಂದು. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದವರ ಕಥೆ ಬೇರೆ, ಅಲ್ಲಿ ಎಲ್ಲವೂ ಮುಗಿದಿದೆ. ಇಲ್ಲಿ ಇನ್ನೂ ಏನೂ ಮುಗಿದಿಲ್ಲ. ಮೂರನೆಯ ಗುಂಪಿನವರು ಶಸ್ತ್ರ ಸೈನಿಕನದು, ನಾಗರಿಕನಿಗೆ ಈ ಮಾತು ಅನ್ವಯಿಸುವುದೇ ಇಲ್ಲ ಎನ್ನುತ್ತಾರೆ. ನನಗೆ ಒಪ್ಪಿಗೆಯಿಲ್ಲದ್ದು ಮುಖ್ಯವಾಗಿ ಇದೇ. ಸೈನಿಕ ಶಾಂತಿಕಾಲದಲ್ಲಿ ದಿನವೂ ಕವಾಯತು ಮಾಡುತ್ತಾನೆ, ಈ ಮಾತು ಅವನಿಗೆ ಬೇಕಾಗಿಯೇ ಇಲ್ಲ. ಇದನ್ನು ಹೇಳಿಸಿಕೊಳ್ಳಬೇಕಾದವರು ನಾವು.

ಸೈನ್ಯಕ್ಕೆ ಸೇರದೆ ಯುದ್ಧಕಾಲದಲ್ಲಿ ದೇಶಸೇವೆ ಸಾಧ್ಯವೇ ಎಂಬುದಕ್ಕೆ ಚರಿತ್ರೆ ಎಂದೋ ಉತ್ತರ ಕೊಟ್ಟಿದೆ. 1971ರ ಡಿಸೆಂಬರ್‌ನಲ್ಲಿ ಪಾಕಿಸ್ತಾನದ ಬಾಂಬುಗಳು ಭುಜ್ ವಾಯುನೆಲೆಯ ರನ್‌ವೇಯನ್ನು ಹಾಳುಗೆಡವಿದಾಗ ಪಕ್ಕದ ಮಾಧಾಪರ ಹಳ್ಳಿಯ ಸುಮಾರು 300 ಹೆಂಗಸರು 72 ಗಂಟೆಗಳಲ್ಲಿ ಅದನ್ನು ಮತ್ತೆ ಬಳಕೆಗೆ ತಂದರು. ಮೇಲಿನಿಂದ ನೋಡಿದವರಿಗೆ ಗುರುತು ಸಿಗದಿರಲೆಂದು ರನ್‌ವೇಗೆ ಸಗಣಿ ಸಾರಿಸಿದರು, ಹಸಿರು ಸೀರೆ ಉಟ್ಟರು. ಸೈರನ್ ಕೇಳಿದರೆ ಪೊದೆಗಳತ್ತ ಓಡುವುದು, ಅಪಾಯ ಕಳೆದ ಸೂಚನೆ ಬಂದರೆ ಮತ್ತೆ ಬಂದು ಕಲ್ಲು ಹೊರುವುದು. ‘ಅವರಿಗೇನು ತರಬೇತಿ ಇತ್ತು?’ ಎಂದು ಕೇಳುವವರಿಗೆ ನನ್ನ ಉತ್ತರ: ಮಣ್ಣು, ಕಲ್ಲು, ಸಗಣಿ ಆ ಕೈಗಳಿಗೆ ಜೀವಮಾನದ ಪರಿಚಯ. ಯುದ್ಧ ಬಂದಾಗ ಅವರು ಹೊಸದಾಗಿ ಕಲಿಯಬೇಕಾದದ್ದು ಸೈರನ್ನಿನ ಶಿಸ್ತು ಮಾತ್ರ.

ಕಾರ್ಗಿಲ್‌ನಲ್ಲಿಯೂ ಹೀಗೆಯೇ. 1999ರ ಮೇ ತಿಂಗಳ ಆರಂಭದಲ್ಲಿ ಬಟಾಲಿಕ್ ಬಳಿ ಕಳೆದುಹೋದ ಯಾಕ್ ಹುಡುಕುತ್ತಿದ್ದ ಕುರಿಗಾಹಿ ತಾಶಿ ನಾಮ್‌ಗ್ಯಾಲ್, ಬೈನಾಕ್ಯುಲರ್‌ನಲ್ಲಿ ಅಪರಿಚಿತರನ್ನು ಕಂಡು ಸೇನೆಗೆ ಸುದ್ದಿ ಮುಟ್ಟಿಸಿದರು. ಆ ಬೆಟ್ಟದಲ್ಲಿ ಯಾರಿರಬೇಕು, ಯಾರಿರಬಾರದು ಎಂಬುದು ದಿನವೂ ಅಲ್ಲಿ ತಿರುಗಿದ ಕಣ್ಣಿಗೆ ಗೊತ್ತಾಗುತ್ತದೆ. ನಮ್ಮ ಬೆಂಗಳೂರಿನ ಎಚ್‌ಎಎಲ್ ಕಾರ್ಮಿಕರು ನ್ಯಾಟ್ ವಿಮಾನಗಳನ್ನು ಜೋಡಿಸಿ ಕೈ ಪಳಗಿಸಿಕೊಂಡದ್ದು 1965ರ ಯುದ್ಧ ಬರುವ ಮೊದಲೇ. ಆ ಪುಟ್ಟ ವಿಮಾನಗಳು ಪಾಕಿಸ್ತಾನದ ಸೇಬರ್ ಜೆಟ್‌ಗಳನ್ನು ಎದುರಿಸಿ ನಿಂತವು.

ಈಗ ರಕ್ತದಾನದ ವಿಷಯಕ್ಕೆ ಬರೋಣ, ಏಕೆಂದರೆ ನನ್ನ ಮಾತು ಇಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತದೆ. ಯುದ್ಧದ ಸುದ್ದಿ ಬಂದ ದಿನ ಸಾವಿರಾರು ಜನ ರಕ್ತನಿಧಿಯ ಮುಂದೆ ಸಾಲುಗಟ್ಟುತ್ತಾರೆಂದುಕೊಳ್ಳಿ. ಆ ಭಾವನೆಗೆ ನಮಸ್ಕಾರ. ಆದರೆ ಕೊಟ್ಟ ರಕ್ತವನ್ನು ಎಚ್‌ಐವಿ, ಹೆಪಟೈಟಿಸ್, ಮಲೇರಿಯಾ ಎಲ್ಲಕ್ಕೂ ಪರೀಕ್ಷಿಸಬೇಕು, ಘಟಕಗಳಾಗಿ ಬೇರ್ಪಡಿಸಬೇಕು. ಅಂದು ಗಾಯಾಳುವಿನ ತೋಳಿಗೆ ಹರಿಯುವುದು ಆಗಲೇ ಫ್ರಿಜ್‌ನಲ್ಲಿದ್ದ ಚೀಲದ ರಕ್ತ, ಅಂದರೆ ಯಾರೋ ಹಿಂದಿನ ವಾರ ಸದ್ದಿಲ್ಲದೆ ಕೊಟ್ಟು ಹೋದದ್ದು. ಕೆಂಪು ರಕ್ತಕಣಗಳನ್ನು ಇಡಬಹುದಾದದ್ದು 35ರಿಂದ 42 ದಿನ, ಪ್ಲೇಟ್‌ಲೆಟ್‌ಗಳನ್ನು 5 ದಿನ. ಎಲ್ಲರೂ ಒಂದೇ ದಿನ ಕೊಟ್ಟರೆ ಚೀಲಗಳ ಅವಧಿಯೂ ಒಟ್ಟಿಗೇ ಮುಗಿಯುತ್ತದೆ, ಕೊಟ್ಟವರೆಲ್ಲ ಮುಂದಿನ ಮೂರು ನಾಲ್ಕು ತಿಂಗಳು ಮತ್ತೆ ಕೊಡುವಂತಿಲ್ಲ. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ತಪ್ಪದೆ ಕೊಡುವ ಪದ್ಧತಿ ಇಟ್ಟುಕೊಂಡರೆ ಯುದ್ಧ ಬಂದರೂ ಬಸ್ಸು ಉರುಳಿದರೂ ಆಸ್ಪತ್ರೆ ತಡಕಾಡಬೇಕಾಗಿಲ್ಲ.

ಪ್ರಥಮ ಚಿಕಿತ್ಸೆಯೂ ಅಷ್ಟೇ. ರಕ್ತ ಸುರಿಯುವ ಗಾಯವನ್ನು ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡಿಯಬೇಕು, ನಿಂತಿತೇ ಎಂದು ಗಳಿಗೆಗೊಮ್ಮೆ ಎತ್ತಿ ನೋಡಬಾರದು. ಸಿಪಿಆರ್‌ನಲ್ಲಿ ಎದೆಯನ್ನು ನಿಮಿಷಕ್ಕೆ 100ರಿಂದ 120 ಬಾರಿ, ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಓದಿದರೆ ಎರಡು ಸಾಲು. ಒಮ್ಮೆ ತರಬೇತಿ ಗೊಂಬೆಯ ಮೇಲೆ ಮಾಡಿ ನೋಡಿ, ಎರಡು ನಿಮಿಷಕ್ಕೆ ತೋಳು ಸೋಲುತ್ತದೆ. ಎರಡು ಗಳು, ಒಂದು ಕಂಬಳಿ ಇದ್ದರೆ ಸ್ಟ್ರೆಚರ್ ಮಾಡಬಹುದು, ಆದರೆ ಕಂಬಳಿ ಮಡಿಸುವ ಕ್ರಮ ಕೈಗೆ ಬಂದಿರಬೇಕು. ಹೊಗೆ ತುಂಬಿದ ಮೆಟ್ಟಿಲಲ್ಲಿ ನಿಂತು ಯೂಟ್ಯೂಬ್ ನೋಡಿ ಕಲಿಯಲಾಗುವುದಿಲ್ಲ.

ಇನ್ನೊಂದು ಅಭ್ಯಾಸವಿದೆ, ಬಾಯಿ ಕಟ್ಟುವ ಅಭ್ಯಾಸ. ಸೇನಾ ಕಾರ್ಯಾಚರಣೆಗಳನ್ನು ನೇರಪ್ರಸಾರ ಮಾಡಬೇಡಿ ಎಂದು ಮಾಧ್ಯಮಗಳಿಗೆ ಸರ್ಕಾರ 2025ರ ಏಪ್ರಿಲ್ 26ರಂದೇ ಸೂಚಿಸಿತ್ತು. ಸುದ್ದಿ ಕಾರ್ಯಕ್ರಮಗಳಲ್ಲಿ ಸೈರನ್ ಸದ್ದು ಬಳಸಬೇಡಿ, ಜನ ನಿಜವಾದ ಸೈರನ್ನನ್ನೂ ಲೆಕ್ಕಿಸದೆ ಹೋದಾರು ಎಂದು ಮೇ 10ರಂದು ಮತ್ತೆ ಹೇಳಬೇಕಾಯಿತು. ಇದು ನಾಚಿಕೆಗೇಡಿನ ಸಂಗತಿ. ಆ ಸದ್ದಿನಿಂದ ವೀಕ್ಷಕರನ್ನು ಹಿಡಿದಿಟ್ಟುಕೊಂಡ ಸ್ಟುಡಿಯೋಗಳೂ, ಸುಳ್ಳು ವಿಡಿಯೋಗಳನ್ನು ‘ಜೈ ಹಿಂದ್’ ಸೇರಿಸಿ ಫಾರ್ವರ್ಡ್ ಮಾಡಿದ ಬೆರಳುಗಳೂ ದೇಶಕ್ಕೆ ಮಾಡಿದ್ದು ಅಪಕಾರ. ರೊಚ್ಚು ದೇಶಭಕ್ತಿಯಲ್ಲ. ಸುದ್ದಿ ಖಚಿತವಾಗುವವರೆಗೆ ಸುಮ್ಮನಿರುವ ಸಂಯಮವನ್ನೂ ಶಾಂತಿಯ ದಿನಗಳಲ್ಲೇ ಕಲಿಯಬೇಕು. ಮದುವೆಯ ವದಂತಿಯನ್ನೇ ಪರಿಶೀಲಿಸದೆ ಹಂಚುವವರು ಯುದ್ಧದ ವದಂತಿಯನ್ನು ತಡೆಯುತ್ತಾರೆಂದು ನಾನು ನಂಬುವುದಿಲ್ಲ.

ಎಂದೂ ಬಾರದಿರಲಿ ಎಂದು ಬೇಡುವ ಯುದ್ಧಕ್ಕಾಗಿ ಇಷ್ಟೆಲ್ಲ ಏಕೆ ಎನ್ನಬಹುದು. ಆದರೆ ಈ ಅಭ್ಯಾಸ ಯುದ್ಧಕ್ಕೆ ಮಾತ್ರವಲ್ಲ. 1968ರ ಪೌರರಕ್ಷಣಾ ಕಾಯ್ದೆಗೆ ಮುಂದೆ ತಿದ್ದುಪಡಿ ತಂದು ವಿಪತ್ತು ನಿರ್ವಹಣೆಯನ್ನೂ ಅದರೊಳಗೆ ಸೇರಿಸಲಾಗಿದೆ. 2018ರಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಬೇಕಾದದ್ದೂ ಇದೇ ಹಗ್ಗ, ಇದೇ ಸ್ಟ್ರೆಚರ್, ಇದೇ ಪಳಗಿದ ಕೈ. ಕಲಿತದ್ದು ವ್ಯರ್ಥವಾಗುವ ಮಾತೇ ಇಲ್ಲ.

ಹದಿನೆಂಟು ತುಂಬಿದವರು ಪೌರರಕ್ಷಣಾ ದಳದ ಸ್ವಯಂಸೇವಕರಾಗಬಹುದು. ಪ್ರಥಮ ಚಿಕಿತ್ಸೆ ಕಲಿಯುವುದಕ್ಕೂ ರಕ್ತ ಕೊಡುವುದಕ್ಕೂ ಸಮವಸ್ತ್ರ ಬೇಕಿಲ್ಲ. ದೇಶಕ್ಕಾಗಿ ಏನು ಮಾಡಲಿ ಎಂದು ಆ ಮೇ ತಿಂಗಳಲ್ಲಿ ಕೇಳಿದವರೇ, ಈ ತಿಂಗಳೇ ಹೋಗಿ ಹೆಸರು ಬರೆಸಿ.